ಒಂದು ರಾತ್ರಿ ಇಟ್ಟ ಈಮೇಲು

ನಮ್ಮ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿರುವ ಹುಡುಗಿ ಮೊದಲ ಸಲ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿದು ಬಂದದ್ದು ಒಂದು ಭಾನುವಾರ. ದಾವಣಗೆರೆಯವಳು. ಬಿಟಿಎಂನ ಒಂದು ಆಫೀಸಿನಲ್ಲಿ ಕೆಲಸ. ಮಾತಾಡುವ ಇಂಗ್ಲಿಷ್ ಚೆನ್ನಾಗಿಯೇ ಇತ್ತು, ಬರೆಯಲು ಕೂತರೆ ಮಾತ್ರ ಕೈ ಓಡುವುದಿಲ್ಲ ಎಂದಳು.

“ಆಂಟಿ, ನೀವು ಕಾನ್ವೆಂಟಲ್ವಾ, ಸ್ವಲ್ಪ ಕರೆಕ್ಟ್ ಮಾಡ್ಕೊಡಿ.”

ನನಗೆ ಕರೆಕ್ಟ್ ಮಾಡುವುದೆಂದರೆ ಹೊಸದಾಗಿ ಬರೆಯುವುದೇ. ಮೂವತ್ತು ವರ್ಷ ಸ್ಟೆನೋ ಆಗಿದ್ದವಳು ನಾನು. ಅದಕ್ಕೂ ಮೊದಲು ಕಾನ್ವೆಂಟಿನಲ್ಲಿ ಲೆಟರ್ ರೈಟಿಂಗ್ ಕಲಿಸಿದ ಸಿಸ್ಟರ್ ಎರಡು ನಿಯಮಗಳನ್ನು ತಲೆಯೊಳಗೆ ಕೂರಿಸಿಬಿಟ್ಟಿದ್ದರು. ಮೊದಲ ಪ್ಯಾರಾದಲ್ಲಿ ಏನನ್ನೂ ಕೇಳಬಾರದು. ಮೊದಲು ಅವರ ಕ್ಷೇಮ, ಕಟ್ಟಕಡೆಗೆ ನಮ್ಮ ಕೆಲಸ. ಎರಡನೆಯದು, ಬರೆದ ಕಾಗದ ಒಂದು ರಾತ್ರಿ ನಮ್ಮ ಮೇಜಿನ ಮೇಲೆ ಮಲಗಿರಬೇಕು. ಬೆಳಿಗ್ಗೆ ಎದ್ದು ಓದಿದಾಗ ನಾಚಿಕೆಯಾಗದಿದ್ದರೆ ಪೋಸ್ಟು ಮಾಡಬಹುದು.

ಹಾಗಾಗಿ ಆ ಹುಡುಗಿಯ ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’ ನನ್ನ ಕೈಯಲ್ಲಿ ‘ಐ ಹ್ಯಾವ್ ದಿ ಪ್ಲೆಷರ್ ಆಫ್ ಎನ್‌ಕ್ಲೋಸಿಂಗ್ ಹಿಯರ್‌ವಿತ್’ ಆಗುತ್ತಿತ್ತು. ಕೊನೆಗೆ ‘ಐ ರಿಮೇನ್, ಸರ್, ಯುವರ್ಸ್ ಫೇತ್‌ಫುಲಿ’. ಆ ಸರ್‌ಗೆ ಮೂವತ್ತೆರಡೋ ಮೂವತ್ಮೂರೋ ವಯಸ್ಸಂತೆ.

“ಏನಂದ್ರು ಆಫೀಸಲ್ಲಿ?” ಎಂದು ಮುಂದಿನ ವಾರ ಕೇಳಿದೆ.

“ಪಕ್ಕದ ಸೀಟಿನವನು, ಮಗಾ, ನಿನ್ ಮೇಲ್ ಓದೋಕೆ ಕೋಟ್ ಹಾಕ್ಕೊಂಡು ಕೂರ್ಬೇಕು ಅಂದ.”

ನಕ್ಕಳು. ಆದರೂ ಬರುವುದನ್ನು ಬಿಡಲಿಲ್ಲ. ಬರುವಾಗ ಒಂದು ಡಬ್ಬಿಯಲ್ಲಿ ಖಾರ ಮಂಡಕ್ಕಿ ತರುತ್ತಿದ್ದಳು. ನಾನು ಕಾಫಿ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ, ನನ್ನ ಪತ್ರಗಳು ಯಾರಿಗೂ ಬೇಡವಾಗಿ ಎಷ್ಟೋ ವರ್ಷಗಳಾಗಿದ್ದವು. ಗ್ಯಾಸ್ ಬುಕ್ ಮಾಡಲೂ ಈಗ ಒಂದು ಮಿಸ್ಡ್ ಕಾಲ್ ಸಾಕು.

ಒಂದು ಮಂಗಳವಾರ ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿದಳು. ಸಣ್ಣವಳಿದ್ದಾಗಲೇ ತಾಯಿ ಹೋಗಿ, ಅಕ್ಕನೇ ತಲೆ ಬಾಚಿ ಸ್ಕೂಲಿಗೆ ಕಳಿಸಿ ಬೆಳೆಸಿದ್ದು ಎಂದು ನನಗೆ ಗೊತ್ತಿತ್ತು.

“ಆಂಟಿ, ಅಕ್ಕಂಗೆ ಗುರುವಾರ ಆಪರೇಷನ್ ಅಂತೆ. ಥೈರಾಯ್ಡ್ ಗಡ್ಡೆ. ಐದು ದಿನ ರಜ ಕೇಳ್ಬೇಕು. ಹೋದ ತಿಂಗಳು ತಾನೆ ತಗೊಂಡಿದೀನಿ, ಸಾರ್‌ಗೆ ಕೋಪ ಬರದ ಹಾಗೆ ಬರೆದು ನಂಗೆ ಮೇಲ್ ಮಾಡಿ. ನಾನು ಅವರಿಗೆ ಕಳಿಸ್ತೀನಿ. ಇವತ್ತೇ ಆಂಟಿ.”

ಬರೆದೆ. ನಾಲ್ಕು ಪ್ಯಾರಾ. ಮೂರನೆಯದು ಬಹಳ ಚೆನ್ನಾಗಿ ಬಂದಿತ್ತು. ಆಮೇಲೆ ನಾನು ಮಾಡಿದ್ದು ಆ ಸಿಸ್ಟರ್ ಕಲಿಸಿದ್ದನ್ನೇ. ಕಾಗದವನ್ನು ಡ್ರಾಫ್ಟಿನಲ್ಲಿ ಮಲಗಿಸಿದೆ. ಇವತ್ತೇ ಬರೆದಾಯಿತಲ್ಲ, ಬೆಳಿಗ್ಗೆ ಇನ್ನೊಮ್ಮೆ ನೋಡಿ ಕಳಿಸಿದರಾಯಿತು ಎಂದುಕೊಂಡೆ. ಮೊಬೈಲನ್ನು ಚಾರ್ಜಿಗೆ ಹಾಕಿ ಸೊಪ್ಪು ತರಲು ಹೋದೆ. ಬರುವಾಗ ಪಾರ್ಕಿನ ಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಂಡೆ. ಮನೆಗೆ ಬಂದಾಗ ಆರು ಮಿಸ್ಡ್ ಕಾಲ್. ತಿರುಗಿ ಮಾಡಿದರೆ ಅವಳು ಎತ್ತಲಿಲ್ಲ.

ಏಳೂವರೆಗೆ ಅವಳು ಬಂದಳು. ಬ್ಯಾಗನ್ನೂ ಇಳಿಸದೆ ಮೆಟ್ಟಿಲ ಮೇಲೆ ಕೂತಳು.

“ಐದು ಗಂಟೆಗೆ ಶಿಫ್ಟ್ ಲಿಸ್ಟ್ ಲಾಕ್ ಆಯ್ತು ಆಂಟಿ. ಗುರುವಾರ ನಂದೇ ಶಿಫ್ಟು. ನಾನೇ ಎರಡು ಲೈನ್ ಬರೀಬೋದಿತ್ತು. ಬರುತ್ತೆ ಬರುತ್ತೆ ಅಂತ ಕಾದೆ.”

ಕಾಗದ ಮಲಗಿರುವ ವಿಷಯ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, “ಪರವಾಗಿಲ್ಲ ಬಿಡಿ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ತೆಗಿ ಲ್ಯಾಪ್‌ಟಾಪು. ನಾನು ಹೇಳ್ತೀನಿ, ನೀನು ಟೈಪ್ ಮಾಡು.”

ಹೇಳಿದ್ದು ಇಷ್ಟೇ. ನಾನು ಈ ಹುಡುಗಿಯ ಮನೆ ಓನರು, ವಯಸ್ಸು ಎಪ್ಪತ್ತನಾಲ್ಕು. ಇವಳಿಗೆ ತಾಯಿಯ ಹಾಗಿರುವ ಅಕ್ಕನಿಗೆ ಗುರುವಾರ ಆಪರೇಷನ್. ತಡವಾದದ್ದು ನನ್ನಿಂದ, ಇವಳಿಂದಲ್ಲ. ದಯವಿಟ್ಟು ಕಳಿಸಿಕೊಡಿ.

“ಆಂಟಿ, ಓನರು ಲೀವ್ ಲೆಟರ್ ಬರೆಯೋದು ಎಲ್ಲಾದ್ರೂ ಇದ್ಯಾ?”

“ಇಲ್ಲ. ಒತ್ತು.”

ಒತ್ತುವ ಮೊದಲು ನೋಡಿದೆ. ನಾನು ಹೇಳದೇ ಇದ್ದರೂ ಕೊನೆಯಲ್ಲಿ ‘ಐ ರಿಮೇನ್, ಸರ್’ ಸೇರಿಸಿದ್ದಳು. ಕ್ಷೇಮ ಕೇಳದೆ, ಒಂದು ರಾತ್ರಿಯೂ ಮಲಗದೆ ನನ್ನ ಕಾಗದವೊಂದು ಹೊರಟದ್ದು ಜೀವಮಾನದಲ್ಲಿ ಅದೇ ಮೊದಲು. ಕಾಫಿಗೆ ಹಾಲಿಟ್ಟೆ. ಹಾಲು ಉಕ್ಕುವಷ್ಟರಲ್ಲಿ ಉತ್ತರ ಬಂತು.

‘ಓಕೆ. ಗೋ. ಐ ವಿಲ್ ಟೇಕ್ ಯುವರ್ ಶಿಫ್ಟ್.’

ಡಿಯರ್ ಇಲ್ಲ, ಕೆಳಗೆ ಹೆಸರಿಲ್ಲ. ಸಿಸ್ಟರ್ ಇದಕ್ಕೆ ಸೊನ್ನೆ ಕೊಡುತ್ತಿದ್ದರು. ಇಷ್ಟು ಒಳ್ಳೆಯ ಕಾಗದವನ್ನು ನಾನು ಮೂವತ್ತು ವರ್ಷದ ಸರ್ವೀಸಿನಲ್ಲಿ ಒಮ್ಮೆಯೂ ಟೈಪ್ ಮಾಡಿರಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ಊರಿಗೆ ಹೊರಟಳು. ಗುರುವಾರ ಇಡೀ ದಿನ ನನಗೆ ಯಾವುದರಲ್ಲೂ ಮನಸ್ಸಿಲ್ಲ. ಫೋನ್ ಮಾಡಿದರೆ ಆಸ್ಪತ್ರೆಯಲ್ಲಿ ಏನು ಗಡಿಬಿಡಿಯೋ ಎಂದು ಮಾಡಲಿಲ್ಲ. ಸಂಜೆ ದೀಪ ಹಚ್ಚಿ ಬರುವಾಗ ಮೇಲ್ ಬಂದಿತ್ತು.

‘ರೆಸ್ಪೆಕ್ಟೆಡ್ ಆಂಟಿ, ಐ ಟ್ರಸ್ಟ್ ದಿಸ್ ಫೈಂಡ್ಸ್ ಯೂ ಇನ್ ಗುಡ್ ಹೆಲ್ತ್.’

ನಾನು ಕಲಿಸಿದಂತೆಯೇ ಬರೆದಿದ್ದಳು. ಮೊದಲ ಪ್ಯಾರಾ ಕ್ಷೇಮ. ಎರಡನೆಯದರಲ್ಲಿ ದಾವಣಗೆರೆಯ ಬಿಸಿಲು. ಮೂರನೆಯದು ಆಸ್ಪತ್ರೆಯ ಕಾರಿಡಾರಿನಿಂದ ಶುರುವಾಗುತ್ತಿತ್ತು. ನನ್ನಿಂದ ಆಗಲಿಲ್ಲ. ಬೆರಳು ತಾನಾಗಿಯೇ ಕಾಗದವನ್ನು ಕೆಳಕ್ಕೆ ಎಳೆಯಿತು, ಕಟ್ಟಕಡೆಯ ಪ್ಯಾರಾಕ್ಕೆ.

ಅಕ್ಕ ಕಣ್ಣು ಬಿಟ್ಟಳು ಆಂಟಿ. ಮಾತಾಡಬಾರದು ಅಂದಿದ್ದಾರೆ. ಆದರೂ ನನ್ನ ಕಡೆ ತಿರುಗಿ, ಕೈಸನ್ನೆಯಲ್ಲೇ ಊಟ ಆಯ್ತಾ ಎಂದು ಕೇಳಿದಳು.

ಕನ್ನಡಕ ತೆಗೆದು ಒರೆಸಿ, ಕಾಗದವನ್ನು ಮತ್ತೆ ಮೇಲಕ್ಕೆ ಎಳೆದು ಮೊದಲಿನಿಂದ ನಿಧಾನವಾಗಿ ಓದಿದೆ. ನನ್ನ ಮೊಣಕಾಲನ್ನೂ ವಿಚಾರಿಸಿದ್ದಳು. ಉತ್ತರವನ್ನು ಅಲ್ಲೇ ನಿಂತುಕೊಂಡು ಬರೆದು ಆಗಲೇ ಕಳಿಸಿಬಿಟ್ಟೆ.

‘ಓಕೆ. ಮೊಣಕಾಲು ಚೆನ್ನಾಗಿದೆ. ಹೋಗಿ ಊಟ ಮಾಡು.’