ಥ್ರೇಸಿಯಮ್ಮನ ಅಂಗಡಿಯ ಬಿಳಿ ಗೌನು

ಯಾರೋ ಉಟ್ಟು, ಒಗೆದು, ಇಸ್ತ್ರಿ ಹಾಕಿ, ಬಹಳ ದಿನ ಮಡಚಿಟ್ಟ ಬಟ್ಟೆಗೆ ಅದರದೇ ಆದ ಒಂದು ವಾಸನೆಯಿದೆ. ಮೊನ್ನೆ ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮಗಳ ಜೊತೆ ನಡೆಯುತ್ತಿದ್ದಾಗ ಆ ವಾಸನೆ ಥಟ್ಟನೆ ಮೂಗಿಗೆ ಬಂತು. ನೋಡಿದರೆ, ಹೊಸ ಅಂಗಡಿಯೊಂದರಲ್ಲಿ ಸಾಲಾಗಿ ನೇತು ಹಾಕಿದ ಹಳೆಯ ಅಂಗಿ, ಜೀನ್ಸು, ಚೂಡಿದಾರಗಳು.

“ಥ್ರಿಫ್ಟ್ ಸ್ಟೋರ್ ಅಪ್ಪ, ಬಾ” ಎಂದು ಮಗಳು ಒಳಗೆ ನುಗ್ಗಿದಳು. ನಾನು ಮೆಟ್ಟಿಲಲ್ಲೇ ನಿಂತೆ. ನಮ್ಮ ಮನೆಯಲ್ಲಿ ಬೇರೆಯವರು ಉಟ್ಟದ್ದನ್ನು ಉಡುವ ಮಾತೇ ಇಲ್ಲ. ಅದು ನನ್ನ ಹೆಂಡತಿಯ ಕಾನೂನು. ಯಾರ ಮೈಯ ದೋಷ ಯಾರಿಗೆ ಅಂಟುತ್ತದೋ ಎಂಬುದು ಅವಳ ವಾದ. ಈ ಕಾನೂನನ್ನು ನಮ್ಮ ಮದುವೆಗೆ ಮೊದಲೇ ನಾನೊಮ್ಮೆ ಮುರಿದಿದ್ದೇನೆಂಬುದು ಅವಳಿಗೆ ಗೊತ್ತಿಲ್ಲ. ನೀವೂ ಹೇಳಬೇಡಿ.

ಆಗ ನಾನು ಕಡಬದ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೆ. ಪೇಟೆಯ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ನನ್ನ ಬಾಡಿಗೆ ಕೋಣೆ. ಅದರ ಕೆಳಗೆ ಥ್ರೇಸಿಯಮ್ಮನ ಅಂಗಡಿ. ಥ್ರೇಸಿಯಮ್ಮನ ಮಾವ ಕೇರಳದಿಂದ ಬಂದು ನೆಲ್ಯಾಡಿಯ ಹತ್ತಿರ ರಬ್ಬರ್ ಹಾಕಿದವರು. ಗಂಡ ತೀರಿಕೊಂಡ ಮೇಲೆ ತೋಟವನ್ನು ಮೈದುನನಿಗೆ ಬಿಟ್ಟು, ಆಕೆ ಮಗಳು ಜೆಸ್ಸಿಯನ್ನು ಕಟ್ಟಿಕೊಂಡು ಪೇಟೆಗೆ ಬಂದು ಈ ಅಂಗಡಿ ಇಟ್ಟರು. ಮದುವೆಯ ಗೌನು, ಕೋಟು, ಮಕ್ಕಳ ಬಿಳಿ ಫ್ರಾಕು, ಬೂಟು, ಗಲ್ಫಿನಿಂದ ಬಂದವರು ಕೊಟ್ಟ ಸೂಟ್‌ಕೇಸು, ಎಲ್ಲವೂ ಒಮ್ಮೆ ಬಳಸಿದವು. ಗೌನು ಕೊಂಡವರು ಮದುವೆ ಮುಗಿದ ಮೇಲೆ ಕಲೆಯಾಗದಂತೆ ತಂದರೆ ಅರ್ಧ ಬೆಲೆಗೆ ಮತ್ತೆ ತೆಗೆದುಕೊಳ್ಳುತ್ತಿದ್ದರು. ಒಂದು ದಿನದ ಉಡುಪಿಗೆ ಹೊಸತು ಯಾಕೆ ಎಂದು ಸುತ್ತಲಿನ ಊರುಗಳಿಂದ, ಸುಳ್ಯದ ಆಚೆಯ ಸಂಪಾಜೆಯಿಂದಲೂ ಜನ ಬರುತ್ತಿದ್ದರು.

ಆ ಗೌನುಗಳ ಸಾಲಿನ ಕೊನೆಗೆ, ಪ್ಲಾಸ್ಟಿಕ್ ಕವರಿನೊಳಗೆ ಒಂದು ಗೌನಿತ್ತು. ತೋಳಿಗೆ ಲೇಸು, ಕತ್ತಿಗೆ ಸಣ್ಣ ಮುತ್ತುಗಳು. ಅದು ಜೆಸ್ಸಿಯದು. ನಾನು ಆ ಕೋಣೆಗೆ ಬರುವ ಮೊದಲೇ ಇರಿಟ್ಟಿ ಕಡೆಯ ಹುಡುಗನ ಜೊತೆ ಅವಳ ಮದುವೆ ಗೊತ್ತಾಗಿ, ಕಾಗದ ಹಂಚಿ, ಇನ್ನೇನು ವಾರ ಇದೆ ಎನ್ನುವಾಗ ಹುಡುಗ ಬೇಡವೆಂದನಂತೆ. ಕಾರಣ ಹೇಳಲಿಲ್ಲ. ಕಾರಣ ಹೇಳದಿದ್ದರೆ ಊರೇ ನೂರು ಕಾರಣ ಹುಡುಕುತ್ತದೆ, ಹಾಗೆಯೇ ಹುಡುಕಿತು. ಕೆಲವು ತಿಂಗಳ ಮೇಲೆ ಜೆಸ್ಸಿಯೇ ಗೌನನ್ನು ಪೆಟ್ಟಿಗೆಯಿಂದ ತೆಗೆದು ಅಂಗಡಿಯಲ್ಲಿ ತೂಗು ಹಾಕಿದಳು. ಥ್ರೇಸಿಯಮ್ಮ ಅದಕ್ಕೆ ಕವರು ಹಾಕಿ ಮೂಲೆಗೆ ಸರಿಸಿದರು. ಯಾರಾದರೂ ಕೈ ತೋರಿಸಿದರೆ ಒಮ್ಮೆ ಸೈಜು ಸಣ್ಣದು ಎನ್ನುವುದು, ಒಮ್ಮೆ ಮಾರಾಟವಾಗಿದೆ ಎನ್ನುವುದು. ಮಗಳ ಮದುವೆ ಇಂದಲ್ಲ ನಾಳೆ ಆಗುತ್ತದೆ, ಆಗ ಬೇಕಾಗುತ್ತದೆ ಎಂಬ ಆಸೆ ಆ ತಾಯಿಗೆ.

ಜೆಸ್ಸಿ ಹೇಗಿದ್ದಳು ಎಂದು ಕೇಳುತ್ತೀರಿ. ಎತ್ತರದವಳು. ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳು. ಅವಳ ಮೇಲೆ ನನಗೇನಾದರೂ ಇತ್ತೇ ಎಂದೂ ಕೇಳುತ್ತೀರಿ. ಇರಲಿಲ್ಲವೆಂದರೆ ಸುಳ್ಳು, ಇತ್ತೆಂದರೆ ಅದೂ ಸ್ವಲ್ಪ ಹೆಚ್ಚಾಯಿತು. ಸಂಜೆ ಮಾಳಿಗೆಯ ಮೆಟ್ಟಿಲು ಹತ್ತುವ ಮೊದಲು ಅಂಗಡಿಯ ಒಳಗೆ ಒಮ್ಮೆ ನೋಡುವ ಅಭ್ಯಾಸ ನನಗಿತ್ತು, ಅಷ್ಟೇ.

ನಾನು ಆ ಅಂಗಡಿಯ ಗಿರಾಕಿಯಾದದ್ದು ಒಂದು ಫೋಟೋಗಾಗಿ. ನನಗೆ ಹೆಣ್ಣು ಹುಡುಕುತ್ತಿದ್ದ ಸೋದರಮಾವನಿಗೆ, ಹುಡುಗ ಕೋಟು ಹಾಕಿದ ಫೋಟೋ ಬೇಕಿತ್ತು. “ನಿನ್ನ ಮುಖಕ್ಕೆ ಎಂತಾದ್ರೂ ಆಧಾರ ಬೇಕಲ್ಲ ಮಾರಾಯ” ಎಂದಿದ್ದರು. ಒಂದು ಶನಿವಾರ ಮಧ್ಯಾಹ್ನ ಅಂಗಡಿಯ ಪರದೆಯ ಹಿಂದೆ ನಿಂತು ಕಪ್ಪು ಕೋಟೊಂದನ್ನು ತೊಡುತ್ತಿದ್ದೆ. ಕೋಟು ಮೈಗೆ ಹೋಯಿತು, ಪ್ಯಾಂಟು ಸೊಂಟದಲ್ಲಿ ನಿಲ್ಲಲಿಲ್ಲ. ಆಗಲೇ ಮೂವರು ಒಳಗೆ ಬಂದರು. ಮದುಮಗಳಾಗಲಿದ್ದ ಶೈನಿ ಎಂಬ ಹುಡುಗಿ, ಅವಳ ತಾಯಿ ಮತ್ತು ಸೋದರತ್ತೆ. ಸುಬ್ರಹ್ಮಣ್ಯದ ಹತ್ತಿರದವರು. ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬರುವ ಹಾಗಿರಲಿಲ್ಲ. ಅಲ್ಲೇ ನಿಂತೆ.

ಶೈನಿಗೆ ಯಾವುದೂ ಹಿಡಿಸಲಿಲ್ಲ. ಕೊನೆಗೆ ಅವಳು, “ಆ ಕವರಿನಲ್ಲಿ ಇರುದು?” ಎಂದದ್ದು ಕೇಳಿತು.

“ಅದು ಬೇಡ ಮೋಳೆ. ಬುಕ್ಕಾಗಿದೆ” ಎಂದರು ಥ್ರೇಸಿಯಮ್ಮ, ಮಲಯಾಳದಲ್ಲಿ ಮಗಳೇ ಎಂದು ಕರೆದು.

“ಬುಕ್ಕಾಗ್ಲಿಲ್ಲ” ಎಂದಳು ಜೆಸ್ಸಿ. ಕವರು ತೆಗೆಯುವ ಸರಸರ ಸದ್ದಾಯಿತು. “ಅದು ನನ್ನದು. ಮದುವೆ ನಿಂತು ಹೋಯ್ತು. ಗೊತ್ತಿದ್ದೇ ತಕೊಳ್ಳುದು ಒಳ್ಳೇದಲ್ವಾ, ಅದಕ್ಕೆ ಹೇಳಿದೆ.”

ಕೂಡಲೇ ಸೋದರತ್ತೆಯ ಸ್ವರ: “ಎಂತ ಹೆಂಗಸರು ನೀವು! ಮುರಿದ ಮದುವೆಯ ಬಟ್ಟೆಯನ್ನು ನಮ್ಮ ಹುಡುಗಿಗೆ ತೋರಿಸುದಾ? ಬಾ ಶೈನಿ, ಹೋಗುವ.”

ಚಪ್ಪಲಿಯ ಸದ್ದು ಬಾಗಿಲವರೆಗೆ ಹೋಯಿತು. ಒಂದು ಜೋಡಿ ಅಲ್ಲೇ ಉಳಿಯಿತು.

“ನೀವು ಹಾಕಿ ನೋಡಿದ್ರಾ?” ಶೈನಿ ಕೇಳಿದಳು.

“ಒಂದು ಸಲ. ಹೊಲಿದವಳು ಹಾಕ್ಲೇಬೇಕು ಅಂದ್ಲು.”

“ಚಂದ ಕಂಡಿತಾ?”

“ಕಂಡಿತು” ಎಂದಳು ಜೆಸ್ಸಿ. “ತುಂಬ ಚಂದ ಕಂಡಿತು.”

ಅವರು ಹೋದ ಮೇಲೆ ನಾನು ಪರದೆ ಸರಿಸಿದೆ. ಥ್ರೇಸಿಯಮ್ಮ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮೂಗು ಒರೆಸುತ್ತಿದ್ದರು. “ಯಾಕೆ ಹೇಳಿದ್ದು ನೀನು? ಯಾರು ಕೇಳಿದ್ರು ನಿನ್ನನ್ನು?” ಎಂದು ಮಗಳನ್ನು ಗದರಿದರು. ಜೆಸ್ಸಿ ನನ್ನ ಕಡೆ ತಿರುಗಿ, ಬಾಯಿಯಿಂದ ಸೂಜಿ ತೆಗೆದು, “ಪ್ಯಾಂಟು ಬೇಡ ನಿಮಗೆ. ಫೋಟೋದಲ್ಲಿ ಸೊಂಟದ ಮೇಲೆ ಬಂದ್ರೆ ಸಾಕಲ್ಲ” ಎಂದಳು. ಕೋಟಿನ ಬೆನ್ನನ್ನು ಸೂಜಿಯಿಂದ ಬಿಗಿ ಮಾಡುವಾಗ ನನಗೊಮ್ಮೆ ಚುಚ್ಚಿತು.

ಮಾರನೆಯ ಶನಿವಾರ ಶೈನಿ ತಾಯಿಯೊಬ್ಬರನ್ನೇ ಕರೆದುಕೊಂಡು ಬಂದಳು. ಅತ್ತೆಯನ್ನು ಹೇಗೆ ಒಪ್ಪಿಸಿದಿರಿ ಎಂದು ಥ್ರೇಸಿಯಮ್ಮ ಕೇಳಿದರೆ ಆ ತಾಯಿ ನಕ್ಕರು. “ಒಪ್ಪಿಸ್ಲಿಕ್ಕೆ ಹೋಗ್ಲೇ ಇಲ್ಲ. ಮಂಗಳೂರಿಂದ ತಂದದ್ದು ಅಂತ ಹೇಳುದು.” ಥ್ರೇಸಿಯಮ್ಮ ಗೌನಿನ ಅಂಚನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಜೆಸ್ಸಿ ಮೆಲ್ಲಗೆ ಅವರ ಬೆರಳು ಬಿಡಿಸಿದಳು. ಶೈನಿ ಹೊರಡುವಾಗ, “ನೀವು ಬಂದು ಉಡಿಸ್ಬೇಕು. ನೀವು ಬರದಿದ್ರೆ ನನಗೆ ಬೇಡ” ಎಂದಳು.

ಜೆಸ್ಸಿ ಹೋದಳು. ಬೆಳಿಗ್ಗೆ ಅಷ್ಟು ಬೇಗ ಆ ಕಡೆ ಬಸ್ಸಿಲ್ಲದ ಕಾರಣ ನನ್ನ ಬೈಕಿನಲ್ಲಿ ಬಿಡಬೇಕೆಂದು ಥ್ರೇಸಿಯಮ್ಮನೇ ಕೇಳಿದರು. ಹಾಗಾಗಿ ಕರೆಯದ ಮದುವೆಯಲ್ಲಿ ನಾನು ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತೆ. ಶೈನಿ ಒಳಗೆ ನಡೆದು ಬಂದಾಗ ನಾನು ಮದುಮಗಳನ್ನು ನೋಡಲಿಲ್ಲ, ನನ್ನ ಪಕ್ಕದಲ್ಲಿದ್ದ ಜೆಸ್ಸಿಯನ್ನು ನೋಡಿದೆ. ಅವಳ ಕಣ್ಣು ಆ ಬಿಳಿ ಬಟ್ಟೆಯ ಜೊತೆ ಬಾಗಿಲಿನಿಂದ ಪಾದ್ರಿ ನಿಂತ ಆಲ್ತಾರಿನ ತನಕ ಹೋಯಿತು. ಗುರುತು ಸಿಕ್ಕಿತೋ ಇಲ್ಲವೋ, ಅತ್ತೆ ಎರಡು ಸಾಲು ಮುಂದೆ ಕೂತು ಪಕ್ಕದವರಿಗೆ, ಮಂಗಳೂರಿನದು, ಭಾರೀ ರೇಟು ಎಂದು ಹೇಳುತ್ತಿದ್ದರು.

ವಾಪಸು ಬರುವಾಗ ಜೆಸ್ಸಿ ಬೈಕಿನ ಹಿಂದೆ ಕೂತಿದ್ದಳು. ಏನಾದರೂ ಸಮಾಧಾನ ಹೇಳಬೇಕೆಂದು ನಾನು ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ, “ಗೌನಿನ ಕೈ ಸ್ವಲ್ಪ ಉದ್ದ ಆಯ್ತು, ಅಲ್ವಾ? ವಾಪಸು ಬಂದ ಮೇಲೆ ಮಡಚಿ ಹೊಲಿಬೇಕು” ಎಂದಳು. ನನ್ನ ವಾಕ್ಯವನ್ನು ಹಾಗೆಯೇ ನುಂಗಿಕೊಂಡೆ.

ಗೌನು ಎರಡು ವಾರದಲ್ಲಿ ವಾಪಸು ಬಂತು. ಈ ಸಲ ಕವರಿಲ್ಲ, ಮೂಲೆಯಿಲ್ಲ. ಉಳಿದ ಗೌನುಗಳ ನಡುವೆ ನೇತಾಡಿತು. ಮತ್ತೆ ಹೋಯಿತು, ಮತ್ತೆ ಬಂತು. ಆ ಕೋಟಿನ ಫೋಟೋ ನೋಡಿ ಕೆದಂಬಾಡಿಯ ಹುಡುಗಿಯೊಬ್ಬಳು ನನ್ನನ್ನು ಒಪ್ಪಿದಳು. ನನಗೆ ಪುತ್ತೂರಿಗೆ ವರ್ಗವಾಯಿತು. ಪೆಟ್ಟಿಗೆ ಕಟ್ಟುತ್ತಿದ್ದ ದಿನ ಥ್ರೇಸಿಯಮ್ಮ ಮೆಟ್ಟಿಲು ಹತ್ತಿ ಬಂದು, ಜೆಸ್ಸಿಗೂ ಮದುವೆ ಗೊತ್ತಾಯಿತು, ಹುಡುಗ ನೆಲ್ಯಾಡಿಯಲ್ಲಿ ವರ್ಕ್‌ಶಾಪ್ ಇಟ್ಟವನು, ಮುಂದಿನ ಶನಿವಾರವೇ ಮದುವೆ ಎಂದರು.

ಕೆಳಗೆ ಹೋದಾಗ ಜೆಸ್ಸಿ ಹೊಲಿಗೆ ಮಿಷನ್ನಿನ ಮುಂದೆ ಬೇರೊಂದು ಗೌನನ್ನು ಹರವಿಕೊಂಡು ಕೂತಿದ್ದಳು. ಸಾದಾ ಗೌನು, ಮುತ್ತಿಲ್ಲ, ಲೇಸಿಲ್ಲ. ಸಂಪಾಜೆಯ ಯಾರೋ ಉಟ್ಟು ಕೊಟ್ಟದ್ದು.

“ಇದಾ? ನಿಮ್ಮದು ಎಲ್ಲಿ?” ಎಂದು ಕೇಳಿದೆ.

“ನನ್ನದು ಬುಕ್ಕಾಗಿದೆ ಮಾರಾಯ್ರೆ” ಎಂದು ನಕ್ಕಳು. “ಅದೇ ಶನಿವಾರಕ್ಕೆ. ಆ ಹುಡುಗಿ ಮೊದ್ಲೇ ಹೇಳಿ ಹೋಗಿದ್ದಾಳೆ. ಈಗ ಇಲ್ಲ ಅನ್ಲಿಕ್ಕೆ ಆಗ್ತದಾ?”

ಥ್ರೇಸಿಯಮ್ಮ ನನ್ನ ಕಡೆ ತಿರುಗಿ, ನೋಡಿ ಇವಳನ್ನು ಎಂಬಂತೆ ಕೈ ತಿರುಗಿಸಿದರು. ಆಮೇಲೆ ಅವರಿಗೂ ನಗು ಬಂತು.

ಈಗ ಆ ಕಟ್ಟಡದಲ್ಲಿ ಮೊಬೈಲ್ ಅಂಗಡಿಯಿದೆ. ಜೆಸ್ಸಿ ಚೆನ್ನಾಗಿದ್ದಾಳೆಂದು ಕೇಳಿದ್ದೇನೆ. ಹೋಗಿ ನೋಡಿಲ್ಲ, ನೋಡಬೇಕೆಂದು ಬಲವಾಗಿ ಅನಿಸಿದ್ದೂ ಇಲ್ಲ.

ಪುತ್ತೂರಿನ ಆ ಮೆಟ್ಟಿಲಲ್ಲಿ ಇಷ್ಟೆಲ್ಲ ನೆನೆದು ನಿಂತವನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಮಗಳು ಎಲ್ಲೋ ಸಾಲುಗಳ ನಡುವೆ ಮುಳುಗಿದ್ದಳು. ಗಂಡಸರ ಅಂಗಿಗಳ ಹತ್ತಿರ, ನನ್ನದೇ ವಯಸ್ಸಿನ ಒಬ್ಬರು ಆಕಾಶ ಬಣ್ಣದ ಅಂಗಿಯೊಂದನ್ನು ಎದೆಗೆ ಒತ್ತಿ ಹಿಡಿದು, ಕನ್ನಡಿ ಸಿಗದೆ ಅತ್ತಿತ್ತ ನೋಡುತ್ತಿದ್ದರು. ಯಾರೂ ಕಾಣದೆ ನನ್ನನ್ನೇ ಕೇಳಿದರು.

“ಎಂತ ಹೇಳ್ತೀರಿ? ನನಗೆ ಆಗ್ಬಹುದಾ ಇದು?”

ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ.

“ಹೆಗಲು ಸರಿ ಉಂಟು” ಎಂದೆ. “ಹಾಕಿ ನೋಡಿ. ನಾನು ಇಲ್ಲೇ ಇರ್ತೇನೆ.”