ಆಯುಧಪೂಜೆಯಲ್ಲಿ ಕೊಡವಿದ ಥರ್ಮಾಮೀಟರ್

ಬಿಟಿಎಂ ಲೇಔಟಿನಲ್ಲಿ ಶರಣಮ್ಮ ಬಾಡಿಗೆಗಿರುವ ರಸ್ತೆಯಲ್ಲಿ ಆಕೆಗೆ ಜಗಳಗಂಟಿ ಎಂದೇ ಹೆಸರು. ಟ್ಯಾಂಕರಿನವನು ಮುಕ್ಕಾಲು ನೀರು ಬಿಟ್ಟು ಪೈಪು ಸುತ್ತಿಕೊಂಡರೆ ಗಾಡಿಗೆ ಅಡ್ಡ ನಿಲ್ಲುವವಳು ಅವಳೇ. ಹಾಗೆ ಅಡ್ಡ ನಿಂತು ಬಿಡಿಸಿದ ನೀರಿನಲ್ಲಿ ಸ್ನಾನ ಮುಗಿಸಿ ಬಂದವರೇ ಅವಳಿಗೆ ಆ ಹೆಸರಿಟ್ಟಿದ್ದು. ಲಿಂಗಸುಗೂರಿನ ಕಡೆಯವಳು, ಭೌತಶಾಸ್ತ್ರದ ಬಿಎಸ್ಸಿ. ಸಾರಕ್ಕಿಯಲ್ಲಿ ರವಿಕಿರಣ್ ಎಂಬುವರ ಲ್ಯಾಬಿನಲ್ಲಿ ಕೆಲಸ. ಒಂದು ಕಾಲಕ್ಕೆ ರವಿಕಿರಣ್ ಮನೆಯವರು ಸೊಪ್ಪು ಬೆಳೆಯುತ್ತಿದ್ದ ನೆಲದ ಮೇಲೆ ಎದ್ದ ಕಟ್ಟಡ ಅದು. ಅದರ ಎರಡನೇ ಮಹಡಿಯಲ್ಲಿ ಈಗ ಊರಿನ ಥರ್ಮಾಮೀಟರುಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ನೋಡುತ್ತಾರೆ.

ನಿಜ ಯಾವುದು ಎಂದು ಹೇಳುವವರು ಯಾರು? ಅದಕ್ಕೊಂದು ಏರ್ಪಾಟಿದೆ. ದೇಶದೇಶಗಳು ಕೂತು 1990ರಲ್ಲಿ ಒಪ್ಪಿಕೊಂಡ ತಾಪಮಾನದ ಅಳತೆಗೋಲು ಅದು. ಅದನ್ನು ನೆಲಕ್ಕೆ ಊರಿ ನಿಲ್ಲಿಸಿರುವ ಮುಖ್ಯ ಗೂಟ ನೀರಿನ ತ್ರಿಕಬಿಂದು. ಒಳಗಿನ ಗಾಳಿಯೆಲ್ಲ ತೆಗೆದು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಶುದ್ಧ ನೀರು, ಮಂಜುಗಡ್ಡೆ, ಆವಿ ಮೂರೂ ಜಗಳವಿಲ್ಲದೆ ಒಟ್ಟಿಗಿದ್ದರೆ ಅಲ್ಲಿನ ತಾಪ ಸೊನ್ನೆಗಿಂತ ಒಂದು ಡಿಗ್ರಿಯ ನೂರನೇ ಒಂದು ಭಾಗ ಹೆಚ್ಚು. ಪ್ಯಾರಿಸ್ಸಿನಲ್ಲೂ ಅಷ್ಟೇ, ಸಾರಕ್ಕಿಯಲ್ಲೂ ಅಷ್ಟೇ. ಶಿಫಾರಸು, ಪರಿಚಯ, ಜಾತಿ ಯಾವುದೂ ಅಲ್ಲಿ ನಡೆಯುವುದಿಲ್ಲ.

ಲ್ಯಾಬಿನಲ್ಲಿ ಮೊಳದುದ್ದದ ಒಂದು ಥರ್ಮಾಮೀಟರ್ ಇದೆ. ಗಾಜಿನಂಥ ಕೊಳವೆಯ ತುದಿಯಲ್ಲಿ ಕೂದಲೆಳೆಯಂಥ ಪ್ಲಾಟಿನಂ ತಂತಿಯ ಸುರುಳಿ. ಎಲ್ಲರೂ ಅದನ್ನು ದೊಡ್ಡ ಕಡ್ಡಿ ಎನ್ನುತ್ತಾರೆ. ಗಿರಾಕಿಗಳ ಥರ್ಮಾಮೀಟರುಗಳನ್ನೆಲ್ಲ ಇದರ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಇದನ್ನು ಇದಕ್ಕಿಂತ ಮೇಲಿನ ದರ್ಜೆಯ ಲ್ಯಾಬು ನೋಡಿರುತ್ತದೆ, ಅದನ್ನು ದೇಶದ ಲ್ಯಾಬು ನೋಡಿರುತ್ತದೆ. ಹೀಗೆ ಕೊಂಡಿಗೆ ಕೊಂಡಿ ಸೇರಿದ ಸರಪಳಿ. ಆ ಸರಪಳಿ ಎಲ್ಲೂ ಕಡಿದಿಲ್ಲ ಎಂದು ಸರ್ಟಿಫಿಕೇಟಿನಲ್ಲಿ ಅಚ್ಚಾಗಿರುತ್ತದೆ. ಕೆಳಗೆ ಶರಣಮ್ಮನ ಸಹಿ.

ಈ ಸಲ ದಸರೆಗೆ ಬನ್ನಿ ಕೊಡಲು ಊರಿಗೆ ಹೋಗಿದ್ದ ಶರಣಮ್ಮ ವಾಪಸು ಬಂದಾಗ ದೊಡ್ಡ ಕಡ್ಡಿಯ ಪೆಟ್ಟಿಗೆಯ ಮೇಲೆ ಕುಂಕುಮವಿತ್ತು, ಚೆಂಡುಹೂ ಒಣಗಿತ್ತು. ಆಯುಧಪೂಜೆ ಆಗಿದೆ, ಆಗಲಿ. ಅವಳು ತನ್ನ ರೂಢಿಯ ಕೆಲಸಕ್ಕೆ ಕೈ ಹಾಕಿದಳು. ಗಾಜಿನ ಪಾತ್ರೆಯ ನಡುವಿನ ಕೊಳವೆಗೆ ಡ್ರೈ ಐಸ್ ತುಂಬಿ, ಸುತ್ತ ನೀರು ಹೆಪ್ಪುಗಟ್ಟುವವರೆಗೆ ಕಾದು, ಒಂದು ದಿನ ಅದನ್ನು ಅದರ ಪಾಡಿಗೆ ಬಿಟ್ಟಳು. ಆಮೇಲೆ ಪಾತ್ರೆಯನ್ನು ಮೆಲ್ಲಗೆ ತಿರುವಿ, ಒಳಗಿನ ಮಂಜಿನ ಕವಚ ಸಲೀಸಾಗಿ ಸುತ್ತುತ್ತದೆಯೇ ನೋಡಿ, ದೊಡ್ಡ ಕಡ್ಡಿಯನ್ನು ಇಳಿಬಿಟ್ಟಳು. ಬಂದ ಅಂಕಿ ತಪ್ಪಿತ್ತು. ಮೊದಲು ತನ್ನ ಕೈಯನ್ನೇ ಅನುಮಾನಿಸಿದಳು. ಇನ್ನೊಂದು ಪಾತ್ರೆಯಲ್ಲಿ ನೋಡಿದಳು. ತಂತಿಗೆ ಪೆಟ್ಟಾಗಿದ್ದರೆ ಸರಿಹೋಗಲಿ ಎಂದು ಕುಲುಮೆಯಲ್ಲಿ ಕಾಯಿಸಿ, ನಿಧಾನವಾಗಿ ಆರಿಸಿ, ಮತ್ತೆ ನೋಡಿದಳು. ಕಡ್ಡಿ ತನ್ನ ಹಳೆಯ ಜಾಗಕ್ಕೆ ಬರಲಿಲ್ಲ.

ಅಷ್ಟರಲ್ಲಿ ಅವಳ ಮೇಜಿನ ಮೇಲೆ ಸಹಿಗಾಗಿ ಸರ್ಟಿಫಿಕೇಟುಗಳು ಕಾಯುತ್ತಿದ್ದವು. ಒಂದು ಲಸಿಕೆ ಗೋದಾಮಿನ ಫ್ರಿಜ್ಜು, ಫ್ರೀಜರುಗಳ ಸೆನ್ಸರುಗಳವು. ಪೂಜೆಯ ಮಾರನೇ ದಿನ ರವಿಕಿರಣ್ ಖುದ್ದು ಕೂತು ಆ ಕೆಲಸ ಮುಗಿಸಿದ್ದರು, ತ್ರಿಕಬಿಂದುವಿನಲ್ಲಿ ಕಡ್ಡಿಯನ್ನು ನೋಡದೆಯೇ.

ಕಡ್ಡಿ ಎಲ್ಲಾದರೂ ಬಿತ್ತಾ ಎಂದು ಕೇಳಲು ಅವಳು ರವಿಕಿರಣ್ ಕೋಣೆಗೆ ಹೋದಾಗ ಅವರ ಅಜ್ಜಿ ಮುನಿವೆಂಕಟಮ್ಮ ಮಿಕ್ಕ ಕಡ್ಲೆಪುರಿ ಹಂಚಲು ಬಂದು ಕೂತಿದ್ದರು. ಉತ್ತರ ಕೊಟ್ಟವರು ಅವರೇ.

"ಬಿದ್ದಿಲ್ಲ ಕಣವ್ವ. ಕುಂಕುಮ ಇಡಕ್ಕೆ ಮುಂಚೆ ನಾನೇ ನಾಕು ಸತಿ ಚೆನ್ನಾಗಿ ಕೊಡವ್ದೆ. ಜ್ವರದ ಕಡ್ಡಿನ ಇಳಿಸ್ದೆ ದೇವ್ರ ಮುಂದೆ ಇಡ್ತಾರಾ?"

ಶರಣಮ್ಮನಿಗೆ ನಗು ಬಂತು. ಮೇಜಿಗೆ ತಾಗಿದರೂ ನೋಯುವ ತಂತಿ ಅದು. ಆದರೆ ಮುನಿವೆಂಕಟಮ್ಮ ಜೀವಮಾನದಲ್ಲಿ ಕಂಡದ್ದು ಕಾಂಪೌಂಡರ್ ಕೊಡವಿ ಬಾಯಿಗಿಡುತ್ತಿದ್ದ ಪಾದರಸದ ಕಡ್ಡಿ. ಅವರ ಮೇಲೆ ಸಿಟ್ಟು ಮಾಡುವುದು ಹೇಗೆ? ಸಿಟ್ಟು ಬಂದದ್ದು ಪಕ್ಕದಲ್ಲೇ ನಿಂತು ನೋಡಿದ್ದ ಮೊಮ್ಮಗನ ಮೇಲೆ. ಹಬ್ಬದ ದಿನ ಅಜ್ಜಿಗೆ ಏನು ಹೇಳುವುದು ಎಂದು ಸುಮ್ಮನಾದೆ ಎಂದರು ರವಿಕಿರಣ್. ಸರಿ, ಅಜ್ಜಿಗೆ ಹೇಳಬೇಡಿ. ಮಾರನೇ ದಿನ ಕಡ್ಡಿಯನ್ನಾದರೂ ನೋಡಬಹುದಿತ್ತಲ್ಲ?

"ಎಷ್ಟು ಮೇಡಂ ವ್ಯತ್ಯಾಸ? ಡಿಗ್ರಿಯ ನೂರರಲ್ಲೊಂದು ಭಾಗ. ಫ್ರಿಜ್ಜು ಎರಡರಿಂದ ಎಂಟರೊಳಗಿದ್ರೆ ಆಯ್ತು. ಯಾರೂ ಸಾಯಲ್ಲ. ಹೊಸ ಅಂಕಿ ತಗೊಂಡು ಲೆಕ್ಕ ಸರಿ ಮಾಡಿ, ಸೈನ್ ಹಾಕಿ."

ಯಾರೂ ಸಾಯುವುದಿಲ್ಲ, ನಿಜ. ಈ ಊರಿನಲ್ಲಿ ಸುಳ್ಳಿನ ತಾಕತ್ತೇ ಅದು. ಅರ್ಧ ಅಡಿ ಕಡಿಮೆಯಾದ ಫುಟ್‌ಪಾತಿನಿಂದ ಯಾರೂ ಇವತ್ತೇ ಸಾಯುವುದಿಲ್ಲ. ಕಾಗದದ ಮೇಲಷ್ಟೇ ಆದ ಹೂಳೆತ್ತುವಿಕೆಯಿಂದ ಕೆರೆ ಇವತ್ತೇ ಒಡೆಯುವುದಿಲ್ಲ. ಒಬ್ಬೊಬ್ಬರೂ ನೂರರಲ್ಲೊಂದು ಭಾಗ ಅಡ್ಜಸ್ಟ್ ಮಾಡಿಕೊಂಡು, ಕೊನೆಗೆ ಮಳೆ ಬಂದ ದಿನ ಎಲ್ಲರೂ ಆಕಾಶವನ್ನು ಬೈಯುತ್ತೇವೆ.

"ಸಣ್ಣ ಫರಕಿದ್ರ ಹಂಗ ಮಾಡ್ತೀವ್ರಿ ಸರ್," ಎಂದಳು ಶರಣಮ್ಮ. "ಇದು ಮಿತಿ ದಾಟೈತಿ. ಮಿತಿ ದಾಟಿದ್ರ ಕಡ್ಡಿ ಮುಟ್ಟಬ್ಯಾಡ್ರಿ ಅಂತ ನಿಯಮ ಬರದವ್ರು ನೀವ. ಸೊನ್ನೀ ಹತ್ರ ಇಷ್ಟು ಸರದೈತಿ, ಫ್ರೀಜರಿನ ಮೈನಸ್ ನಲವತ್ತರಾಗ ಎಷ್ಟು ಸರದೈತಿ, ನಿಮಗ ಗೊತ್ತೈತೇನು? ನನಗಂತೂ ಗೊತ್ತಿಲ್ಲ. ಸರಪಳಿ ಕಡದೈತಿ. ಕಡದಿಲ್ಲ ಅಂತ ನಾ ಸಹಿ ಹಾಕಂಗಿಲ್ಲ."

ಸಹಿ ಹಾಕುವವರು ಹತ್ತು ಜನ ಸಿಗುತ್ತಾರೆ, ಸಹಿ ಮಾಡುವವರ ಪಟ್ಟಿಯಿಂದ ನಿಮ್ಮ ಹೆಸರು ತೆಗೆಸುತ್ತೇನೆ ಎಂದರು ರವಿಕಿರಣ್.

"ತೆಗಸ್ರಿ. ತೆಗಸೂತನಾ ಹಾಕಂಗಿಲ್ಲ. ತೆಗಸಿದ ಮ್ಯಾಲಂತೂ ಹಾಕಂಗೇ ಇಲ್ಲ."

ಮಧ್ಯಾಹ್ನ ಗೋದಾಮಿನಿಂದ ಬಸವಪ್ರಸಾದ್ ಎಂಬಾತ ಸೆನ್ಸರು ಒಯ್ಯಲು ಬಂದ. ನೀವು ಒಳಗೇ ಇರಿ, ನಾನು ಮಾತಾಡುತ್ತೇನೆ ಎಂದು ರವಿಕಿರಣ್ ಹೇಳಿದ್ದರು. ಶರಣಮ್ಮ ಹೊರಗೆ ಬಂದು ನಿಂತು, ತಪ್ಪು ನಮ್ಮ ಕಡೆಯದು, ಕಡ್ಡಿ ಸರಿಯಾಗಿ ಬಂದ ಮೇಲೆ ಮತ್ತೆ ಪೂರ್ತಿ ಮಾಡಿಕೊಡುತ್ತೇವೆ ಎಂದಳು. ಆತ ಮೆಚ್ಚಿಕೊಳ್ಳಲಿಲ್ಲ.

"ಮೇಡಂ, ನಮಗೆ ಬೇಕಿರೋದು ಪೇಪರು. ಆಡಿಟರು ಪೇಪರ್ ಕೇಳ್ತಾರೆ, ನಿಮ್ ಕಡ್ಡಿ ಕೇಳಲ್ಲ."

"ಪೇಪರ್ ಬೇಕಂದ್ರ ಜೆರಾಕ್ಸ್ ಅಂಗಡಿಗೆ ಹೋಗ್ರಿ ಅಣ್ಣಾರ. ಇದು ಲ್ಯಾಬ್ ಐತಿ."

ಅವನು ಸೆನ್ಸರುಗಳನ್ನು ಚೀಲಕ್ಕೆ ತುಂಬಿಕೊಂಡು, ಅದೇ ದಿನ ಪೇಪರು ಕೊಡುವ ಇನ್ನೊಂದು ಕಡೆಗೆ ಹೊರಟುಹೋದ. ಅಲ್ಲಿ ಸಿಕ್ಕಿಯೂ ಇರುತ್ತದೆ. ಸಂತೋಷಾನಾ ಈಗ ಎಂದು ರವಿಕಿರಣ್ ಕೇಳಿದರು. ಸಂತೋಷವೇನೂ ಇರಲಿಲ್ಲ. ಗೋದಾಮಿನ ಫ್ರಿಜ್ಜಿನ ಅಳತೆ ಮೊದಲಿಗಿಂತ ಸರಿಯಾಗುತ್ತದೆ ಎಂಬ ಭ್ರಮೆಯೂ ಇರಲಿಲ್ಲ. ಆದರೆ ಆ ಸುಳ್ಳಿನ ಕೆಳಗೆ ಶರಣಮ್ಮ ಎಂಬ ಹೆಸರಿರಲಿಲ್ಲ.

ದೊಡ್ಡ ಕಡ್ಡಿಗೆ ಬಳಸಬಾರದು ಎಂಬ ಕೆಂಪು ಚೀಟಿ ಕಟ್ಟಿದಳು. ಮೇಲಿನ ಲ್ಯಾಬಿಗೆ ಕಳಿಸದೆ ಈಗ ಬೇರೆ ದಾರಿಯಿಲ್ಲ. ಕೊರಿಯರ್‌ಗೆ ಹಾಕಿಬಿಡಿ ಎಂದರು ರವಿಕಿರಣ್. ಅಜ್ಜಿ ನಾಲ್ಕು ಸಲ ಕೊಡವಿದ್ದನ್ನು ಕೊರಿಯರಿನವರು ನಾನೂರು ಸಲ ಕೊಡವುತ್ತಾರೆ, ನಾನೇ ಒಯ್ಯುತ್ತೇನೆ ಎಂದಳು. ನೀವು ವಾಪಸ್ ಬರುವ ಹೊತ್ತಿಗೆ ನಿಮ್ಮ ಕೆಲಸ ಇರುತ್ತದೋ ಇಲ್ಲವೋ ಎಂದರು ಅವರು. ಆಗಲೇ ಪೆಟ್ಟಿಗೆಯ ಸುತ್ತ ಹತ್ತಿ ಒತ್ತುತ್ತಿದ್ದ ಶರಣಮ್ಮ ತಲೆ ಎತ್ತಲಿಲ್ಲ.

"ನಂದು ಇರಲಿ ಬಿಡಲಿ ಸರ್, ಇದು ಸರಿಯಾಗಿ ಬರಬೇಕು."

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳು. ಸಾರಕ್ಕಿ ಜಂಕ್ಷನ್ನಿನ ಹೊಂಡಗಳ ಹತ್ತಿರ ಬಂದಾಗ, ನಿಧಾನ ಹೋಗ್ರಿ ಎಂದಳು. ಡ್ರೈವರ್ ಹಾಗೇ ಮಾಡಿದ. ಹಿಂದಿನ ಕಾರಿನವನು ಹಾರ್ನ್ ಒತ್ತತೊಡಗಿದ, ಬಿಡದೆ ಒತ್ತಿದ. ಶರಣಮ್ಮ ಒಂದು ಕೈಯಲ್ಲಿ ಪೆಟ್ಟಿಗೆಯನ್ನು ಅವುಚಿಕೊಂಡು, ಆಟೋದಿಂದ ತಲೆ ಹೊರಗೆ ಹಾಕಿ, ಇನ್ನೂ ಒತ್ತು ಎಂದು ಅವನಿಗೆ ಕೈಸನ್ನೆ ಮಾಡಿದಳು.