ಪಿಸುಮಾತಿನ ಗೆಳತಿ

ಏರ್‌ಪೋರ್ಟ್ ಕ್ಯಾಂಟೀನಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಸುಡಾನಿನ ಹೆಂಗಸು ಯಾವಾಗಲೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು. ಯುದ್ಧದಿಂದ ಓಡಿಬಂದ ಅವಳಿಗೂ ಮೂರು ಮಕ್ಕಳಿಗೂ ನಿರಾಶ್ರಿತರ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಗೋಡೆ ತೆಳು, ಸ್ವಲ್ಪ ಸದ್ದಾದರೂ ಪಕ್ಕದವರು ದೂರುತ್ತಿದ್ದರು. ಬಾಡಿಗೆ ಮನೆ ಕೇಳಿ ಫೋನ್ ಮಾಡಿದರೆ ಎಲ್ಲರೂ ಇಲ್ಲವೆನ್ನುವರು. ಅವಳು ಫೋನ್ ಇಟ್ಟು, ಏಪ್ರನ್ನಿಗೆ ಕೈ ಒರೆಸಿ, ಇಲ್ಲಿನ ಐರಿಷ್ ಜನರ ಹಾಗೆ "ಆಲ್ ಗ್ರ್ಯಾಂಡ್", ಎಲ್ಲಾ ಚೆನ್ನಾಗಿದೆ, ಅನ್ನುವಳು.

ನನ್ನ ಗಂಡ ತೀರಿಕೊಂಡಾಗ ಬಂದು, ನನ್ನ ಕೈ ಹಿಡಿದು ಸಂಜೆಯವರೆಗೆ ಕೂತಿದ್ದಳು.

ಮುಂದಿನ ತಿಂಗಳು ಏರ್‌ಪೋರ್ಟ್ ಹತ್ತಿರದ ಸ್ವೋರ್ಡ್ಸ್ ಊರಿನಲ್ಲಿ ಒಂದು ಬಾಡಿಗೆ ಮನೆ ನೋಡಲು ನನ್ನನ್ನೂ ಕರೆದೊಯ್ದಳು. ಮನೆಯ ಒಡತಿ ಐರಿಷ್ ಅಜ್ಜಿ ಮಕ್ಕಳನ್ನೇ ದಿಟ್ಟಿಸಿ, "ಇವರು ಮಾತೇ ಆಡಲ್ವಾ?" ಅಂದರು.

"ಇಲ್ಲ, ತುಂಬಾ ಸೈಲೆಂಟು," ಎಂದು ಅವಳು ಪಿಸುಗುಟ್ಟಿದಳು. ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು.

"ಅಯ್ಯೋ, ಹಿತ್ತಲು ಯಾಕಿದೆ? ಓಡಲಿ ಬಿಡಮ್ಮ! ನನ್ನ ಮಕ್ಕಳು ಈ ಮೆಟ್ಟಿಲನ್ನೇ ಮುರಿದಿದ್ರು," ಎಂದು ಅಜ್ಜಿ ಅವಳ ಕೈಗೆ ಕೀ ಇಟ್ಟೇಬಿಟ್ಟರು.

ಅವಳು ತಲೆಯೆತ್ತಿ, ನಾಲಿಗೆ ಆಡಿಸುತ್ತ, ಸುಡಾನಿನ ಹೆಂಗಸರು ಮದುವೆಮನೆಯಲ್ಲಿ ಖುಷಿಗೆ ಹಾಕುವ ಕೂಗು ಹಾಕಿದಳು. ಕಿಟಕಿಯ ಗಾಜು ನಡುಗಿತು! ಮಕ್ಕಳು ಕಿರುಚುತ್ತ ಹಿತ್ತಲಿಗೆ ಓಡಿದರು. ಎದುರುಮನೆಯವರು ಬಾಗಿಲು ತೆರೆದು ನೋಡಿದರು.

ತಟ್ಟನೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ಬಾಯಿ ಮುಚ್ಚಿಕೊಂಡು, "ಸಾರಿ ಸಿಸ್ಟರ್, ನಿನ್ನ ಮನೇಲಿ ಸಾವಾಗಿದೆ," ಅಂದಳು.

"ಇನ್ನೊಂದು ಸಲ ಕೂಗು ಕಣೆ," ಅಂದೆ.